ಹೊಸ ಡೆಸ್ಕ್‌ಟಾಪ್‌ಗೆ ಎರಡು ಹಾರ್ಡ್ ಡಿಸ್ಕ್ ಹಾಕಿ ರೇಡ್ ಮಾಡೋದಾ, ಎಸ್‌ಎಸ್‌ಡಿ ತಗೊಳ್ಳೋದಾ?

ನೀವು ಕೇಳಿರೋದು, 2 ಟಿಬಿದು ಎರಡು ಹಾರ್ಡ್ ಡಿಸ್ಕ್ ತಗೊಂಡು ರೇಡ್ 0 ಮಾಡಿದ್ರೆ, ಅಂದ್ರೆ ಎರಡನ್ನೂ ಸೇರಿಸಿ ಒಂದೇ ಡಿಸ್ಕ್ ಥರ ಬಳಸಿದ್ರೆ, ಫೋಟೋ, ವಿಡಿಯೋ ಎಡಿಟಿಂಗ್ ಫಾಸ್ಟ್ ಆಗುತ್ತಾ ಅಂತ. ಬೇಡ ಕಣ್ರೀ. ರೇಡ್ 0ನಲ್ಲಿ ಫೈಲು ತುಂಡು ತುಂಡಾಗಿ ಎರಡೂ ಡಿಸ್ಕಲ್ಲಿ ಹಂಚಿರುತ್ತೆ, ಒಂದು ಕೆಟ್ರೆ ಇನ್ನೊಂದರಲ್ಲಿ ಉಳಿದಿದ್ದು ಯಾವ ಕೆಲಸಕ್ಕೂ ಬರಲ್ಲ. ಅಷ್ಟಾದ್ರೂ ಸ್ಪೀಡು ಸಾಧಾರಣ ಸಾಟಾ ಎಸ್‌ಎಸ್‌ಡಿಯ (ಕೇಬಲಲ್ಲಿ ಜೋಡಿಸೋ, ತಿರುಗೋ ಭಾಗ ಇಲ್ಲದ ಚಿಪ್ ಡಿಸ್ಕ್) ಸೆಕೆಂಡಿಗೆ 550 ಎಂಬಿ ಮುಟ್ಟೋದೂ ಕಷ್ಟ.

ನಾನಾದ್ರೆ 1 ಟಿಬಿ ಎನ್‌ವಿಎಂಇ (ಇನ್ನೂ ಫಾಸ್ಟ್ ಇರೋ ಎಸ್‌ಎಸ್‌ಡಿ) ಒಂದು ತಗೊಳ್ತೀನಿ, ವಿಂಡೋಸು, ಸಾಫ್ಟ್‌ವೇರು, ಸದ್ಯ ಎಡಿಟ್ ಮಾಡ್ತಿರೋ ಕೆಲಸ ಎಲ್ಲಾ ಅದರಲ್ಲಿ. ಮುಗಿದಿದ್ದನ್ನ ತುಂಬಿಡೋಕೆ 4 ಟಿಬಿ ಹಾರ್ಡ್ ಡಿಸ್ಕ್, ಅದೂ ಸಿಎಂಆರ್ (ಡೇಟಾ ಸಾಲು ಪಕ್ಕಪಕ್ಕ ಬರೆಯೋದು) ಅಂತ ಕೇಳಿ ತಗೊಳ್ಳಿ, ಎಸ್‌ಎಂಆರ್ (ಸಾಲಿನ ಮೇಲೆ ಸ್ವಲ್ಪ ಸಾಲು ಹೊದಿಸಿ ಬರೆಯೋದು) ಆದ್ರೆ ದೊಡ್ಡ ಫೋಲ್ಡರ್ ಕಾಪಿ ಹಾಕಿದಾಗ ಅರ್ಧಕ್ಕೆ ಬಂದು ತೆವಳೋಕೆ ಶುರು ಮಾಡುತ್ತೆ.

ಹಾಗಾದ್ರೆ ರೇಡ್ 1 (ಎರಡೂ ಡಿಸ್ಕಲ್ಲಿ ಒಂದೇ ಕಾಪಿ ಇಡೋದು) ಮಾಡ್ಲಾ ಅಂತೀರೇನೋ. ಅದು ಬ್ಯಾಕಪ್ ಅಲ್ಲ. ಕೈತಪ್ಪಿ ಡಿಲೀಟ್ ಮಾಡಿದ್ರೆ ಎರಡರಲ್ಲೂ ಹೋಗುತ್ತೆ, ಸಿಡಿಲು ಹೊಡೆದ್ರೆ ಎರಡೂ ಒಟ್ಟಿಗೆ ಸುಡಬಹುದು.

ನಮ್ದು ಸೋಮವಾರಪೇಟೆ ಕಡೆ. ಜುಲೈನಲ್ಲಿ ಗಾಳಿಗೆ ಸಿಲ್ವರ್ ಮರದ ಕೊಂಬೆ ಲೈನ್ ಮೇಲೆ ಬಿದ್ದು ಕರೆಂಟು ಹೋಗೋದು ಬರೋದು ಮಾಡ್ತಿತ್ತು, ನಾನು ಯುಪಿಎಸ್ ಇಲ್ದೇನೇ ಕ್ಯಾಮೆರಾದಿಂದ ಫೋಟೋ ಇಳಿಸ್ತಾ ಕೂತಿದ್ದೆ, ಬುದ್ಧಿ ಬೇಡ್ವಾ! ಬೆಳಿಗ್ಗೆ ಆನ್ ಮಾಡಿದ್ರೆ ಡಿಸ್ಕ್ ಒಳಗಿಂದ ಟಕ್, ಟಕ್, ಟಕ್. ಒಂಚೂರು ನಿಲ್ಲೋದು, ಮತ್ತೆ ಟಕ್. ಅಷ್ಟೇ, ಮತ್ತೆ ಏಳಲೇ ಇಲ್ಲ. ಕುಶಾಲನಗರದಲ್ಲಿ ಅಕ್ಕನ ಮನೆ ಗಾಡ್ರೇಜ್‌ನಲ್ಲಿ ಒಂದು ಎಕ್ಸ್‌ಟರ್ನಲ್ ಡಿಸ್ಕ್ ಇಟ್ಟಿದ್ದಕ್ಕೆ ಹಳೇದೆಲ್ಲಾ ಸಿಕ್ತು. ಆದ್ರೆ ಅದಕ್ಕೆ ಕೊನೇ ಸಲ ಕಾಪಿ ಮಾಡಿದ್ದು ಮಾರ್ಚಲ್ಲಿ, ತೋಟ ಇಡೀ ಕಾಫಿ ಹೂ ಬಿಟ್ಟಿದ್ದಾಗ ತೆಗೆದಿದ್ದು ಅದಾದ ಮೇಲೆ. ಅವೆಲ್ಲಾ ಹೋದ್ವು.

ಅದಕ್ಕೇ ಹೇಳ್ತಿರೋದು, ಎರಡನೇ ಡಿಸ್ಕಿನ ದುಡ್ಡಲ್ಲಿ ಎಕ್ಸ್‌ಟರ್ನಲ್ ತಗೊಂಡು ಬೇರೆ ಮನೇಲಿಡಿ. ಮಳೆಗಾಲದಲ್ಲಿ ಲೆನ್ಸಿಗೆ ಫಂಗಸ್ ಬರ್ಬಾರ್ದು ಅಂತ ಡಬ್ಬಿಗೆ ಸಿಲಿಕಾ ಜೆಲ್ ಹಾಕ್ತೀವಲ್ಲ, ಇದಕ್ಕೂ ಹಾಗೇ ಮಾಡಿ. ಯುಪಿಎಸ್ ಮರೀಬೇಡಿ, ಮನೆ ಇನ್ವರ್ಟರ್ ಇದೆಯಲ್ಲ ಅಂತ ನಂಬ್ಬೇಡಿ, ಕೆಲವು ಇನ್ವರ್ಟರ್ ಚೇಂಜ್ ಆಗೋ ಅಷ್ಟರಲ್ಲಿ ಕಂಪ್ಯೂಟರ್ ರೀಸ್ಟಾರ್ಟ್ ಆಗಿರುತ್ತೆ.

ಮದರ್‌ಬೋರ್ಡ್ ಯಾವ್ದು ಅಂತ ಹೇಳಿ. ಕೆಲವು ಬೋರ್ಡಲ್ಲಿ ಎಂ.2 ಸ್ಲಾಟ್ (ಎನ್‌ವಿಎಂಇ ಕೂರಿಸೋ ಜಾಗ) ಬಳಸಿದ್ರೆ ಹಾರ್ಡ್ ಡಿಸ್ಕ್ ಜೋಡಿಸೋ ಒಂದು ಸಾಟಾ ಪೋರ್ಟ್ ಬಂದ್ ಆಗುತ್ತೆ, ಅದನ್ನ ನೋಡ್ಕೊಂಡು ಆರ್ಡರ್ ಮಾಡೋದು ಒಳ್ಳೇದು.