ಸಂಬಳದ ಮಾತು ಸಹಿಗೆ ಮೊದಲು

ಪರದೇಶದ ಕೆಲಸ: ಓದುಗರ ಪ್ರಶ್ನೆಗಳು
ಮಸ್ಕತ್ ಮತ್ತು ದುಬೈ ಶಾಲೆಗಳಲ್ಲಿ ಇಂಗ್ಲಿಷ್ ಕಲಿಸಿ ಈಗ ಕಲಬುರಗಿಯಲ್ಲಿ ನೆಲೆಸಿರುವ ನಿವೃತ್ತ ಶಿಕ್ಷಕಿ ಉತ್ತರಿಸುತ್ತಾರೆ.

ಪ್ರಶ್ನೆ: ಅಕ್ಕನವರಿಗೆ ಶರಣು. ನಾನು ಸೇಡಂ ತಾಲ್ಲೂಕಿನವಳು. ಗುಲಬರ್ಗಾ ವಿಶ್ವವಿದ್ಯಾಲಯದಿಂದ ಎಂ.ಎ., ನಂತರ ಬಿ.ಇಡಿ. ಮಾಡಿದ್ದೇನೆ. ದುಬೈನ ಸಿಬಿಎಸ್‌ಇ ಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುತ್ತಿದ್ದು, ಐದು ವರ್ಷ ತುಂಬುತ್ತಾ ಬಂದಿದೆ. ಒಟ್ಟು ಸಂಬಳ 4,000 ದಿರ್ಹಮ್, ಅದರಲ್ಲಿ ಮೂಲ ವೇತನ 2,500. ಇಷ್ಟು ವರ್ಷ ಒಂದು ದಿರ್ಹಮ್ ಕೂಡ ಏರಿಸಿಲ್ಲ. ಈಗ ಒಪ್ಪಂದ ನವೀಕರಿಸುವಾಗ ಸಾರಿಗೆ ಭತ್ಯೆಯಲ್ಲಿ 300 ದಿರ್ಹಮ್ ಹೆಚ್ಚಿಸುವುದಾಗಿ ಬಾಯಿಮಾತಿನಲ್ಲಿ ಹೇಳಿದ್ದಾರೆ. ಇದೇ ಆಡಳಿತ ಮಂಡಳಿಯ ಇನ್ನೊಂದು ಶಾಲೆಯಲ್ಲಿ ಬ್ರಿಟನ್‌ನಿಂದ ಬಂದ ಇಂಗ್ಲಿಷ್ ಶಿಕ್ಷಕಿಗೆ ನನ್ನ ಎರಡು ಪಟ್ಟಿಗಿಂತ ಹೆಚ್ಚು ಸಂಬಳವಿದೆ. ಕೇಳಿದರೆ ಕೆಲಸದಿಂದ ತೆಗೆದಾರು ಎಂಬ ಭಯ. ಊರಲ್ಲಿ ತಮ್ಮನ ಎಂಜಿನಿಯರಿಂಗ್ ಶುಲ್ಕ ನಾನೇ ಕಟ್ಟಬೇಕು. ಕೊಟ್ಟಷ್ಟು ತೆಗೆದುಕೊಂಡು ಸುಮ್ಮನಿರಲೇ?

ಉತ್ತರ: ಸುಮ್ಮನಿರಬೇಡಿ, ತಂಗಿ. ಆ 300 ದಿರ್ಹಮ್ ಬೇಡ ಎನ್ನುವುದೂ ಬೇಡ. ಅದನ್ನು ಭತ್ಯೆಯಲ್ಲಿ ಸೇರಿಸದೆ ಮೂಲ ವೇತನದಲ್ಲಿ ಸೇರಿಸಿ ಎಂದು ಕೇಳಿ. ತಿಂಗಳ ಕೊನೆಗೆ ಬ್ಯಾಂಕಿಗೆ ಬೀಳುವ ಮೊತ್ತ ಎರಡರಲ್ಲೂ ಒಂದೇ ಆಗಿರುವುದರಿಂದ ಬಹಳ ಶಿಕ್ಷಕಿಯರು ಈ ವ್ಯತ್ಯಾಸವನ್ನು ನೋಡುವುದೇ ಇಲ್ಲ. ಅದು ಕಾಣಿಸುವುದು ಕೆಲಸ ಬಿಟ್ಟು ಬರುವ ದಿನ.

ದುಬೈ ಸೇರಿರುವ ಸಂಯುಕ್ತ ಅರಬ್ ಎಮಿರೇಟ್ಸ್‌ನ ಕಾರ್ಮಿಕ ಕಾನೂನಿನ ಪ್ರಕಾರ, ಕನಿಷ್ಠ ಒಂದು ವರ್ಷ ದುಡಿದವರಿಗೆ ಕೆಲಸ ಬಿಡುವಾಗ ಗ್ರಾಚ್ಯುಟಿ, ಅಂದರೆ ಸೇವೆಯ ಕೊನೆಗೆ ಒಟ್ಟಾಗಿ ಕೊಡುವ ಹಣ, ಸಲ್ಲುತ್ತದೆ. ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನಗಳ ಮೂಲ ವೇತನ, ಆಮೇಲಿನ ಪ್ರತಿ ವರ್ಷಕ್ಕೆ 30 ದಿನಗಳ ಮೂಲ ವೇತನ. ಭತ್ಯೆಗಳು ಈ ಲೆಕ್ಕಕ್ಕೆ ಬರುವುದೇ ಇಲ್ಲ. ಲೆಕ್ಕ ಹಾಕುವುದು ಕೊನೆಯಲ್ಲಿ ಪಡೆಯುತ್ತಿದ್ದ ಮೂಲ ವೇತನದ ಮೇಲೆ. ನೀವು ಆರು ವರ್ಷ ತುಂಬಿಸಿ ಬಿಟ್ಟು ಬರುತ್ತೀರಿ ಎಂದುಕೊಳ್ಳಿ. ಮೂಲ ವೇತನ 2,500ರಲ್ಲೇ ಉಳಿದಿದ್ದರೆ ಐದು ವರ್ಷಕ್ಕೆ 8,750, ಆರನೆಯ ವರ್ಷಕ್ಕೆ 2,500, ಒಟ್ಟು 11,250 ದಿರ್ಹಮ್. ಮೂಲ ವೇತನ 2,800 ಆಗಿದ್ದರೆ ಒಟ್ಟು 12,600. ಇಂದು ಮೂಲ ವೇತನಕ್ಕೆ ಸೇರಿದ ಹಣ ನೀವು ಈಗಾಗಲೇ ದುಡಿದು ಮುಗಿಸಿದ ಐದು ವರ್ಷಗಳ ಬೆಲೆಯನ್ನೂ ಏರಿಸುತ್ತದೆ. ಹತ್ತು ವರ್ಷ ಅಲ್ಲೇ ಉಳಿದರೆ ವ್ಯತ್ಯಾಸ 2,550 ದಿರ್ಹಮ್. ಬಳಸದೆ ಉಳಿದ ವಾರ್ಷಿಕ ರಜೆಯ ಹಣವನ್ನೂ ಕೆಲಸ ಬಿಡುವಾಗ ಮೂಲ ವೇತನದ ಮೇಲೆಯೇ ಕೊಡುತ್ತಾರೆ. ಹೆಚ್ಚಳವನ್ನು ಭತ್ಯೆಗೆ ತಳ್ಳುವ ಲೆಕ್ಕಪತ್ರ ವಿಭಾಗಕ್ಕೆ ಇದೆಲ್ಲ ಚೆನ್ನಾಗಿ ಗೊತ್ತು. ನಮ್ಮ ಹುಡುಗಿಯರಿಗೂ ಗೊತ್ತಿರಬೇಕು ಎಂಬುದೇ ನನ್ನ ಹಂಬಲ.

ಇನ್ನು ಭಯದ ಮಾತು. ನಿಮಗೆ ಸುಳ್ಳು ಧೈರ್ಯ ಹೇಳಲಾರೆ. 2022ರ ಫೆಬ್ರವರಿಯಲ್ಲಿ ಜಾರಿಗೆ ಬಂದ ಹೊಸ ಕಾನೂನಿನಿಂದ ಅಲ್ಲಿನ ಖಾಸಗಿ ವಲಯದ ಒಪ್ಪಂದಗಳೆಲ್ಲ ನಿಗದಿತ ಅವಧಿಯವು. ಅವಧಿ ಮುಗಿದಾಗ ನವೀಕರಿಸದಿರುವ ಹಕ್ಕು ಶಾಲೆಗೂ ಇದೆ, ನಿಮಗೂ ಇದೆ. ಆದರೆ ಅದೇ ಕಾನೂನಿನಲ್ಲಿ ಇನ್ನೊಂದು ಮಾತಿದೆ: ಅವಧಿ ಮುಗಿದ ಮೇಲೂ ಇಬ್ಬರೂ ಏನೂ ಹೇಳದೆ ಕೆಲಸ ಮುಂದುವರಿಸಿದರೆ ಒಪ್ಪಂದ ಹಳೆಯ ಷರತ್ತುಗಳ ಮೇಲೆಯೇ ವಿಸ್ತರಣೆಯಾದಂತೆ. ಹಳೆಯ ಷರತ್ತು ಎಂದರೆ ಹಳೆಯ ಸಂಬಳ. ನೀವು ಐದು ವರ್ಷ ಸುಮ್ಮನಿದ್ದುದರಿಂದ ಲಾಭ ಆದದ್ದು ಯಾರಿಗೆ ಎಂದು ನೀವೇ ಯೋಚಿಸಿ.

ಕೇಳುವುದಕ್ಕೆ ಕಾಲವಿದೆ. ಏಪ್ರಿಲ್‌ನಲ್ಲಿ ವರ್ಷ ಆರಂಭಿಸುವ ಭಾರತೀಯ ಪಠ್ಯಕ್ರಮದ ಶಾಲೆಗಳು ಚಳಿಗಾಲದ ರಜೆಯ ಆಚೀಚೆ ಯಾರು ಉಳಿಯುತ್ತಾರೆ, ಯಾರು ಹೋಗುತ್ತಾರೆ ಎಂದು ವಿಚಾರಿಸಲು ತೊಡಗುವುದನ್ನು ನಾನು ನೋಡಿದ್ದೇನೆ. ಹತ್ತನೆಯ ತರಗತಿಯ ಬೋರ್ಡ್ ಪರೀಕ್ಷೆ ಎದುರಿಗಿರುವಾಗ ಒಳ್ಳೆಯ ಇಂಗ್ಲಿಷ್ ಶಿಕ್ಷಕಿಯನ್ನು ಕಳೆದುಕೊಳ್ಳಲು ಯಾವ ಪ್ರಾಂಶುಪಾಲರಿಗೂ ಮನಸ್ಸಿರುವುದಿಲ್ಲ. ಮಾರ್ಚ್ ಕೊನೆಗೆ ಹೊಸ ನೇಮಕಾತಿ ಮುಗಿದ ಮೇಲೆ ಕೇಳಿದರೆ ಆ ಬಲ ಉಳಿಯುವುದಿಲ್ಲ.

ದುಬೈನಲ್ಲಿರುವ ನಿಮಗೆ ಇನ್ನೊಂದು ಆಧಾರವಿದೆ. ಅಲ್ಲಿ ಖಾಸಗಿ ಶಾಲೆಗಳು ಮನಸ್ಸಿಗೆ ಬಂದಷ್ಟು ಶುಲ್ಕ ಏರಿಸುವಂತಿಲ್ಲ. ಶಾಲೆ ನಡೆಸುವ ಖರ್ಚನ್ನು ಅಳೆದು, ದುಬೈನ ಖಾಸಗಿ ಶಾಲೆಗಳ ಮೇಲ್ವಿಚಾರಣೆ ನಡೆಸುವ ಕೆಎಚ್‌ಡಿಎ ಪ್ರಾಧಿಕಾರ ಒಂದು ಸೂಚ್ಯಂಕ ಪ್ರಕಟಿಸುತ್ತದೆ, ಶುಲ್ಕದ ಏರಿಕೆ ಅದಕ್ಕೆ ತಕ್ಕಂತೆ ಇರಬೇಕು. 2024-25ಕ್ಕೆ ಅದು ಶೇ 2.6, 2025-26ಕ್ಕೆ ಶೇ 2.35 ಇತ್ತು. ಆ ಖರ್ಚಿನಲ್ಲಿ ಸಿಬ್ಬಂದಿಯ ಸಂಬಳವೂ ಸೇರಿದೆ. ನಿಮ್ಮ ಶಾಲೆ ಶುಲ್ಕ ಏರಿಸಿದ್ದರೆ ಅದನ್ನು ಪತ್ರದಲ್ಲಿ ನಮೂದಿಸಿ. ಸಂಬಳದ ಖರ್ಚನ್ನೂ ಲೆಕ್ಕಕ್ಕೆ ಹಿಡಿದು ಪೋಷಕರಿಂದ ಹೆಚ್ಚಿನ ಶುಲ್ಕ ಪಡೆದವರು ಶಿಕ್ಷಕಿಗೆ ಬರಿಗೈ ತೋರಿಸುವುದು ನ್ಯಾಯವಲ್ಲ.

ಪತ್ರ ಒಂದು ಪುಟ ದಾಟದಿರಲಿ. ಯಾವ ತರಗತಿಗಳಿಗೆ ಕಲಿಸಿದಿರಿ, ಬೋರ್ಡ್ ಫಲಿತಾಂಶ ಎಷ್ಟು, ಮೊದಲ ವರ್ಷ ವಾರಕ್ಕೆ ಎಷ್ಟು ಪೀರಿಯಡ್ ಇದ್ದವು, ಈಗ ಎಷ್ಟಿವೆ, ಹೆಚ್ಚುವರಿಯಾಗಿ ಹೊರಿಸಿದ ಕೆಲಸ ಯಾವುದು ಎಂದು ಬರೆಯಿರಿ. ಕೊನೆಯಲ್ಲಿ ನಿಮಗೆ ಬೇಕಾದ ಮೂಲ ವೇತನವನ್ನು ಅಂಕಿಯಲ್ಲೇ ನಮೂದಿಸಿ. ‘ದಯವಿಟ್ಟು ಪರಿಗಣಿಸಿ’ ಎಂದು ಮುಗಿಸುವ ಪತ್ರಕ್ಕೆ ‘ಪರಿಗಣಿಸುತ್ತೇವೆ’ ಎಂಬ ಉತ್ತರವೇ ಬರುತ್ತದೆ. ಮನೆಯ ಕಷ್ಟ, ತಮ್ಮನ ಶುಲ್ಕ ಇವನ್ನೆಲ್ಲ ಬರೆಯಬೇಡಿ. ನೀವು ಕೇಳುತ್ತಿರುವುದು ದುಡಿಮೆಯ ಬೆಲೆ. ಇಲ್ಲದ ಬೇರೆ ಕೆಲಸವನ್ನು ಇದೆ ಎಂದು ಹೇಳಿ ಹೆದರಿಸುವುದೂ ಬೇಡ. ಆ ಊರಿನ ಶಾಲೆಗಳ ಮಂದಿ ಒಬ್ಬರಿಗೊಬ್ಬರು ಪರಿಚಿತರು. ಹಣ ಸಾಧ್ಯವೇ ಇಲ್ಲ ಎಂದರೆ ವರ್ಷಕ್ಕೊಮ್ಮೆ ಊರಿಗೆ ವಿಮಾನದ ಟಿಕೆಟ್ ಅಥವಾ ಮಗುವಿನ ಶುಲ್ಕದಲ್ಲಿ ರಿಯಾಯಿತಿ ಕೇಳಿ. ಯಾವುದಕ್ಕೆ ಒಪ್ಪಿದರೂ ಅದು ಅಲ್ಲಿನ ಕಾರ್ಮಿಕ ಸಚಿವಾಲಯದಲ್ಲಿ ನೋಂದಣಿಯಾಗುವ ಒಪ್ಪಂದದಲ್ಲೇ ಬರಲಿ. ಬಾಯಿಮಾತಿನ 300 ದಿರ್ಹಮ್‌ಗೆ ಸಹಿ ಹಾಕಬೇಡಿ.

ಬ್ರಿಟನ್‌ನ ಶಿಕ್ಷಕಿಯ ಸಂಬಳದ ವಿಷಯ ಬರೆದಿದ್ದೀರಿ. ನಾನು ಇದನ್ನು ಕಣ್ಣಾರೆ ಕಂಡವಳು, ಇಂದಿಗೂ ನೆನೆದರೆ ಹೊಟ್ಟೆ ಉರಿಯುತ್ತದೆ. ಒಂದೇ ವ್ಯಾಕರಣ, ಒಂದೇ ವಯಸ್ಸಿನ ಮಕ್ಕಳು, ಪಾಸ್‌ಪೋರ್ಟಿನ ಬಣ್ಣಕ್ಕೆ ತಕ್ಕಂತೆ ಸಂಬಳ. ಜನಾಂಗ, ರಾಷ್ಟ್ರೀಯ ಮೂಲದ ಆಧಾರದ ಮೇಲೆ ತಾರತಮ್ಯ ಕೂಡದು ಎಂದು ಅಲ್ಲಿನ ಕಾನೂನಿನಲ್ಲಿ ಬರೆದಿದೆ. ಆದರೆ ಶಾಲೆಗಳು ಪಠ್ಯಕ್ರಮ ಬೇರೆ, ತರಬೇತಿ ಬೇರೆ ಎಂಬ ಕಾರಣ ಕೊಡುತ್ತವೆ. ಇದನ್ನು ಸಂಬಳದ ಪತ್ರದಲ್ಲಿ ಎತ್ತಿದರೆ ಮಾತು ಬೇರೆ ದಾರಿ ಹಿಡಿಯುತ್ತದೆ. ನಿಮ್ಮ ಫಲಿತಾಂಶವನ್ನೇ ಮುಂದಿಟ್ಟು ಮಾತನಾಡಿ.

ಒಂದು ವೇಳೆ ನವೀಕರಿಸದಿದ್ದರೆ, ಒಪ್ಪಂದ ಮುಗಿದ 14 ದಿನಗಳೊಳಗೆ ನಿಮಗೆ ಬರಬೇಕಾದ ಹಣವನ್ನೆಲ್ಲ ಅವರು ಕೊಡಲೇಬೇಕು. ನವೀಕರಣದ ಮಾತಿಗೆ ಕೂರುವ ಮೊದಲೇ ಆ ಲೆಕ್ಕ ನಿಮ್ಮ ಕೈಯಲ್ಲಿರಲಿ.

ಮನೆಯವರಿಗೂ ಒಂದು ಮಾತು ತಿಳಿಸಿ. ದಿರ್ಹಮ್ 1997ರಿಂದ ಡಾಲರಿಗೆ 3.6725ರ ದರದಲ್ಲಿ ಸ್ಥಿರವಾಗಿದೆ. 2010ರ ಸುಮಾರಿಗೆ ಒಂದು ದಿರ್ಹಮ್‌ಗೆ 12 ರೂಪಾಯಿಯ ಆಸುಪಾಸು ಇತ್ತು, 2024ರಲ್ಲಿ 22 ದಾಟಿತ್ತು. ಸೇಡಂಗೆ ಬರುವ ರೂಪಾಯಿ ಹೆಚ್ಚಿದ್ದನ್ನು ನೋಡಿ ಮಗಳ ಸಂಬಳ ಏರಿದೆ ಎಂದು ಊರಿನವರು ತಿಳಿಯುತ್ತಾರೆ. ಮಗಳು ಬಾಡಿಗೆ ಕಟ್ಟುವುದು, ತರಕಾರಿ ಕೊಳ್ಳುವುದು ದಿರ್ಹಮ್‌ನಲ್ಲಿ. ಆ ಬಾಡಿಗೆ ಐದು ವರ್ಷದಿಂದ ಒಂದೇ ಕಡೆ ನಿಂತಿಲ್ಲ.

ಪ್ರಶ್ನೆ: ನಾನು ಭಾಲ್ಕಿ ತಾಲ್ಲೂಕಿನ ರೈತ. ಮಗ ಬಿ.ಎ., ಬಿ.ಇಡಿ. ಮಾಡಿ ಬೀದರಿನ ಖಾಸಗಿ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದಾನೆ. ಹೈದರಾಬಾದಿನ ಏಜೆಂಟ್ ಒಬ್ಬ ದುಬೈಗೆ ಕಳಿಸುತ್ತೇನೆ, 1,60,000 ರೂಪಾಯಿ ಕೊಡಿ ಎನ್ನುತ್ತಾನೆ. ವಿಸಿಟ್ ವೀಸಾದಲ್ಲಿ ಹೋಗಬೇಕು, ಒಪ್ಪಂದ ಅಲ್ಲಿ ಇಳಿದ ಮೇಲೆ ಆಗುತ್ತದೆ, ಆರು ತಿಂಗಳಿಗೆ ಸಂಬಳ ಏರಿಸುತ್ತಾರಂತೆ. ಎರಡು ಎಕರೆ ಒತ್ತೆ ಇಡಬೇಕಾಗುತ್ತದೆ. ಇಡಲೇ?

ಉತ್ತರ: ಕಾಕಾ ಅವರೇ, ಇಡಬೇಡಿ. ಆ ಹಣ ಕೊಡಬೇಡಿ, ಮಗನನ್ನು ವಿಸಿಟ್ ವೀಸಾದಲ್ಲಿ ಕಳಿಸಬೇಡಿ.

ನಮ್ಮ ದೇಶದ ನಿಯಮದಂತೆ ನೋಂದಾಯಿತ ಏಜೆಂಟ್ ಅಭ್ಯರ್ಥಿಯಿಂದ ಪಡೆಯಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ಎಮಿರೇಟ್ಸ್‌ನ ಕಾನೂನಿನಲ್ಲಂತೂ ನೇಮಕಾತಿಯ ಖರ್ಚನ್ನು ಕೆಲಸಗಾರನಿಂದ ವಸೂಲು ಮಾಡುವುದೇ ನಿಷಿದ್ಧ. ಏಜೆಂಟ್ ನೋಂದಾಯಿತನೇ ಎಂಬುದನ್ನು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಡಬಹುದು, ಮಗನಿಗೆ ಹೇಳಿ. ಪರದೇಶಕ್ಕೆ ದುಡಿಯಲು ಹೋಗುವವರ ಹಿತ ಕಾಯುವ ವಲಸೆ ಸಂರಕ್ಷಣಾಧಿಕಾರಿಯ ಕಚೇರಿ ಹೈದರಾಬಾದಿನಲ್ಲೇ ಇದೆ. ಬೀದರಿನಿಂದ ಬೆಳಗಿನ ಬಸ್ಸು ಹಿಡಿದರೆ ಸಂಜೆಗೆ ವಿಚಾರಿಸಿಕೊಂಡು ಬರಬಹುದು.

ಆರು ತಿಂಗಳಿಗೆ ಏರಿಸುತ್ತಾರೆ ಎಂಬ ಮಾತಿನ ಒಳಗುಟ್ಟು ಹೀಗಿದೆ. ಅಲ್ಲಿ ಪರೀಕ್ಷಾರ್ಥ ಅವಧಿ ಗರಿಷ್ಠ ಆರು ತಿಂಗಳು, ಆ ಅವಧಿಯಲ್ಲಿ 14 ದಿನಗಳ ನೋಟಿಸ್ ಕೊಟ್ಟು ಶಿಕ್ಷಕನನ್ನು ಕಳಿಸಿಬಿಡಬಹುದು. ಏರಿಕೆಯ ದಿನ ಬರುವ ಮೊದಲೇ ಕೆಲಸ ಹೋಗಬಹುದು, ಒತ್ತೆ ಮಾತ್ರ ಉಳಿಯುತ್ತದೆ. ನಿಜವಾಗಿಯೂ ಶಿಕ್ಷಕರನ್ನು ಬಯಸುವ ಶಾಲೆ ಮೊದಲು ಪದವಿ ಪ್ರಮಾಣಪತ್ರದ ದೃಢೀಕರಣ ಕೇಳುತ್ತದೆ. ರಾಜ್ಯ ಮಟ್ಟದಲ್ಲಿ ಒಮ್ಮೆ, ವಿದೇಶಾಂಗ ಸಚಿವಾಲಯದಲ್ಲಿ ಒಮ್ಮೆ, ಎಮಿರೇಟ್ಸ್ ರಾಯಭಾರ ಕಚೇರಿಯಲ್ಲಿ ಒಮ್ಮೆ ಮುದ್ರೆ ಬೀಳಬೇಕು. ಇದರ ಹೆಸರೇ ಎತ್ತದ ಏಜೆಂಟನಿಗೆ ಶಾಲೆಯ ಕೆಲಸದ ಗಂಧವಿಲ್ಲ. ಮಗ ಹೋಗಬಾರದು ಎಂದು ನಾನು ಹೇಳುತ್ತಿಲ್ಲ. ಮೂಲ ವೇತನ ನಮೂದಾದ ಕೆಲಸದ ಕೊಡುಗೆ ಪತ್ರ (ಆಫರ್ ಲೆಟರ್) ಮತ್ತು ಉದ್ಯೋಗದ ಪ್ರವೇಶ ಪರವಾನಗಿ ಕೈಗೆ ಬಂದ ಮೇಲೆ ಹೋಗಲಿ.

ಪ್ರಶ್ನೆ: ಸುರಪುರದವನು ನಾನು, ಯಾದಗಿರಿ ಜಿಲ್ಲೆಯಲ್ಲಿ ಅತಿಥಿ ಉಪನ್ಯಾಸಕ. ಪ್ರತಿ ವರ್ಷ ಹೊಸದಾಗಿ ಅರ್ಜಿ ಹಾಕುವುದು ಸಾಕಾಗಿದೆ. ಜಪಾನ್, ಕೊರಿಯಾಗಳಲ್ಲಿ ವಿದೇಶಿ ಇಂಗ್ಲಿಷ್ ಶಿಕ್ಷಕರಿಗೆ ಪ್ರತಿ ವರ್ಷ ಸಂಬಳ ಏರುತ್ತದೆ ಎಂದು ಕೇಳಿದೆ. ನಮ್ಮಂಥವರಿಗೆ ಅವಕಾಶ ಇದೆಯೇ?

ಉತ್ತರ: ಬಾಗಿಲು ಇದೆ, ಕಿರಿದು. ಕೊರಿಯಾ ಇಂಗ್ಲಿಷ್ ಸಂಭಾಷಣೆ ಕಲಿಸುವ ಇ-2 ವೀಸಾವನ್ನು ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ ಈ ಏಳು ದೇಶಗಳ ಪ್ರಜೆಗಳಿಗೆ ಮೀಸಲಿಟ್ಟಿದೆ. ಭಾರತದೊಡನೆ ಮಾಡಿಕೊಂಡ ಆರ್ಥಿಕ ಪಾಲುದಾರಿಕೆ ಒಪ್ಪಂದ 2010ರ ಜನವರಿಯಲ್ಲಿ ಜಾರಿಗೆ ಬಂದು, ಶಿಕ್ಷಕ ತರಬೇತಿ ಪಡೆದ ಭಾರತೀಯರು ಅಲ್ಲಿನ ಶಾಲೆಗಳಲ್ಲಿ ಸಹಾಯಕ ಶಿಕ್ಷಕರಾಗಲು ದಾರಿ ತೆರೆಯಿತು. ಆದ್ದರಿಂದ ಬಿ.ಇಡಿ. ಇಲ್ಲದಿದ್ದರೆ ಮೊದಲು ಅದನ್ನು ಮಾಡಿ. ವಿದೇಶಿಯರನ್ನು ಶಾಲೆಗಳಿಗೆ ಸಹಾಯಕ ಭಾಷಾ ಶಿಕ್ಷಕರಾಗಿ ಕರೆಸುವ ಜಪಾನಿನ ಜೆಟ್ ಯೋಜನೆ 1987ರಿಂದ ನಡೆಯುತ್ತಿದೆ. ಭಾರತೀಯರನ್ನು ತೆಗೆದುಕೊಂಡದ್ದುಂಟು, ಆದರೆ ಬಹಳ ಕಡಿಮೆ ಸಂಖ್ಯೆಯಲ್ಲಿ.

ಸಂಬಳದ ವಿಷಯದಲ್ಲಿ ಇವೆರಡೂ ಕೊಲ್ಲಿ ದೇಶಗಳಂತಲ್ಲ. ಜೆಟ್‌ನಲ್ಲಿ ಒಪ್ಪಂದ ಒಂದು ವರ್ಷದ್ದು, ಮರುನೇಮಕ ಸೇರಿ ಒಟ್ಟು ಐದು ವರ್ಷ ಮಿತಿ. ಏರಿಕೆ ಮೊದಲೇ ಮುದ್ರಿತವಾಗಿರುತ್ತದೆ. 2012ರ ಶ್ರೇಣಿಯಲ್ಲಿ ಮೊದಲ ವರ್ಷ 33.6 ಲಕ್ಷ ಯೆನ್, ಎರಡನೆಯ ವರ್ಷ 36 ಲಕ್ಷ, ಮೂರನೆಯ ವರ್ಷ 39 ಲಕ್ಷ, ಆಮೇಲೆ 39.6 ಲಕ್ಷ ಇತ್ತು. ಅಲ್ಲಿ ಚೌಕಾಸಿ ನಡೆಯುವುದಿಲ್ಲ. ಕೊರಿಯಾದಲ್ಲಿ ಸರ್ಕಾರಿ ಶಾಲೆಗಳಿಗೆ ವಿದೇಶಿ ಶಿಕ್ಷಕರನ್ನು ತೆಗೆದುಕೊಳ್ಳುವ ಎಪಿಕ್ ಯೋಜನೆಯಲ್ಲಿ ವಿದ್ಯಾರ್ಹತೆ ಮತ್ತು ಅನುಭವದ ಮೇಲೆ ಸಂಬಳದ ಹಂತ ಗೊತ್ತುಪಡಿಸುತ್ತಾರೆ. ವರ್ಷ ತುಂಬಿಸಿ ಬಿಡುವವರಿಗೆ ವರ್ಷಕ್ಕೆ ಒಂದು ತಿಂಗಳ ಸಂಬಳದಷ್ಟು ನಿರ್ಗಮನ ಹಣ ಆ ದೇಶದ ಕಾನೂನಿನಿಂದಲೇ ಸಿಗುತ್ತದೆ.

ಹೊರಡುವ ಯೋಚನೆ ಇದ್ದರೂ ಇಲ್ಲಿನ ಹಕ್ಕು ಬಿಡಬೇಡಿ. ಸಂವಿಧಾನದ 371ಜೆ ವಿಧಿಯ ಅಡಿ ಕಲ್ಯಾಣ ಕರ್ನಾಟಕದವರಿಗೆ ಇರುವ ಸ್ಥಳೀಯ ಮೀಸಲಾತಿಯ ಅರ್ಹತಾ ಪ್ರಮಾಣಪತ್ರವನ್ನು ಸಹಾಯಕ ಆಯುಕ್ತರ ಕಚೇರಿಯಿಂದ ಪಡೆದು ಜೋಪಾನವಾಗಿಡಿ. ಕಾಲೇಜುಗಳ ನೇಮಕಾತಿ ಅಧಿಸೂಚನೆ ಹೊರಟ ದಿನ ನೀವು ಎಲ್ಲಿದ್ದರೂ ಅದು ಬೇಕಾಗುತ್ತದೆ.

ಅನುಭವದ ಮೇಲೆ ಸಂಬಳ ಗೊತ್ತುಮಾಡುವ ಕಡೆ ಅತಿಥಿ ಉಪನ್ಯಾಸಕರು ಸೋಲುವುದು ಕಾಗದದಲ್ಲಿ. ಕಲಿಸಿದ ವರ್ಷಗಳು ಆರಿದ್ದರೆ ಕೈಯಲ್ಲಿರುವ ಪತ್ರ ಎರಡು ವರ್ಷದ್ದು. ನೀವು ಕೆಲಸ ಮಾಡಿದ ಪ್ರತಿ ಕಾಲೇಜಿಗೂ ಹೋಗಿ, ಸೇರಿದ ದಿನಾಂಕ, ಬಿಟ್ಟ ದಿನಾಂಕ, ವಾರದ ಬೋಧನಾ ಗಂಟೆ ನಮೂದಿಸಿದ ಸೇವಾ ಪ್ರಮಾಣಪತ್ರವನ್ನು ಪ್ರಾಂಶುಪಾಲರ ಸಹಿ, ಮೊಹರು ಸಹಿತ ಇಂಗ್ಲಿಷಿನಲ್ಲಿ ಪಡೆಯಿರಿ. ಪ್ರಾಂಶುಪಾಲರು ವರ್ಗವಾಗುವ ಮೊದಲೇ, ಬೇಸಿಗೆ ರಜೆಗೆ ಮುಂಚೆ ಈ ಕೆಲಸ ಮುಗಿಸಿ.