ಬಾಂಬ್ ಹುಟ್ಟಿದ್ದು ಸೂತ್ರದಿಂದಲ್ಲ

ಶಿವಮೊಗ್ಗದ ಓದುಗ ಶಿಕ್ಷಕಿಯವರಿಗೆ ನಮಸ್ಕಾರ.

“ಅಣುಬಾಂಬಿನ ಪಿತಾಮಹ ಐನ್‌ಸ್ಟೈನ್ ಅಲ್ಲವೇ?” ಎಂದು ನಿಮ್ಮ ತರಗತಿಯ ಹುಡುಗನೊಬ್ಬ ಕೇಳಿದಾಗ ನೀವು ಹೌದೆಂದಿರಿ, ಮನೆಗೆ ಬಂದ ಮೇಲೆ ಅನುಮಾನ ಕಾಡಿ ನಮಗೆ ಬರೆದಿರಿ. ನಿಮ್ಮ ಅನುಮಾನವೇ ಸರಿ.

ದ್ರವ್ಯರಾಶಿಗೂ ಶಕ್ತಿಗೂ ಇರುವ ನಂಟನ್ನು (E = mc² ಎಂಬ ಸೂತ್ರ) ಐನ್‌ಸ್ಟೈನ್ 1905ರಲ್ಲಿ ತೋರಿಸಿದರು. ಒಲೆಯಲ್ಲಿ ಸೌದೆ ಉರಿಯುವಾಗಲೂ ಆ ಸೂತ್ರ ಅನ್ವಯಿಸುತ್ತದೆ. ಕಳೆದುಹೋಗುವ ದ್ರವ್ಯರಾಶಿ ಮಾತ್ರ ತಕ್ಕಡಿಗೆ ಸಿಗದಷ್ಟು ಅಲ್ಪ. ಪರಮಾಣುವಿನ ಒಡಲಿನಿಂದ ಶಕ್ತಿಯನ್ನು ಹೊರತೆಗೆಯುವುದು ಹೇಗೆಂದು ಅದು ತಿಳಿಸುವುದಿಲ್ಲ.

ಅದು ತಿಳಿದದ್ದು 1938ರ ಡಿಸೆಂಬರ್‌ನಲ್ಲಿ. ಯುರೇನಿಯಂ ಮೇಲೆ ನ್ಯೂಟ್ರಾನ್ ಹಾಯಿಸುತ್ತಿದ್ದ ಬರ್ಲಿನ್ನಿನ ರಸಾಯನವಿಜ್ಞಾನಿಗಳಾದ ಒಟ್ಟೊ ಹಾನ್ ಮತ್ತು ಫ್ರಿಟ್ಸ್ ಸ್ಟ್ರಾಸ್‌ಮನ್‌ಗೆ, ರೇಡಿಯಂ ಇರಬೇಕೆಂದುಕೊಂಡಲ್ಲಿ ಬೇರಿಯಂ ಸಿಕ್ಕಿತು. ಯುರೇನಿಯಮಿನ ಪರಮಾಣು ಸಂಖ್ಯೆ, ಅಂದರೆ ಅದರ ಬೀಜದಲ್ಲಿರುವ (ನ್ಯೂಕ್ಲಿಯಸ್) ಪ್ರೋಟಾನುಗಳ ಎಣಿಕೆ, 92, ಬೇರಿಯಮಿನದು 56. ಇಷ್ಟು ಹಗುರವಾದ ಧಾತು ಎಲ್ಲಿಂದ ಬಂತು? ಪರಮಾಣು ಬೀಜ ದೊಡ್ಡ ಚೂರುಗಳಾಗಿ ಒಡೆಯಬಹುದೆಂದು ರಸಾಯನವಿಜ್ಞಾನಿ ಇಡಾ ನೊಡಾಕ್ 1934ರಲ್ಲೇ ಬರೆದಿದ್ದರು, ಯಾರೂ ಕಿವಿಗೊಡಲಿಲ್ಲ.

ಕಂಗೆಟ್ಟ ಹಾನ್ ಕಾಗದ ಬರೆದದ್ದು ಲೀಸ್ ಮೈಟ್ನರ್ ಅವರಿಗೆ. ಮೂವತ್ತು ವರ್ಷ ಹಾನ್ ಜೊತೆ ದುಡಿದಿದ್ದ ಈ ಭೌತವಿಜ್ಞಾನಿ, ಯಹೂದಿ ಮೂಲದವರೆಂಬ ಕಾರಣಕ್ಕೆ ಅದೇ ವರ್ಷದ ಜುಲೈನಲ್ಲಿ ಜರ್ಮನಿಯಿಂದ ತಪ್ಪಿಸಿಕೊಂಡು ಸ್ವೀಡನ್ ಸೇರಿದ್ದರು. ಕ್ರಿಸ್‌ಮಸ್ ರಜೆಗೆ ಕುಂಗೆಲ್ವ್ ಎಂಬ ಊರಿಗೆ ಬಂದ ಸೋದರಿಯ ಮಗ, ಭೌತವಿಜ್ಞಾನಿ ಒಟ್ಟೊ ಫ್ರಿಶ್‌ಗೆ ತಮ್ಮದೇ ಪ್ರಯೋಗದ ಮಾತಾಡುವ ಆಸೆ. ಮೈಟ್ನರ್ ಬಿಡಲಿಲ್ಲ, ಮೊದಲು ಹಾನ್‌ರ ಕಾಗದ ಓದಿಸಿದರು. ಇಬ್ಬರೂ ಹಿಮದಲ್ಲಿ ಹೊರಟರು: ಫ್ರಿಶ್ ಹಿಮಜಾರುಹಲಗೆಯ ಮೇಲೆ, ಅರವತ್ತು ವರ್ಷದ ಚಿಕ್ಕಮ್ಮ ಕಾಲ್ನಡಿಗೆಯಲ್ಲಿ. ಮರದ ದಿಮ್ಮಿಯೊಂದರ ಮೇಲೆ ಕುಳಿತು ಕಾಗದದ ಚೂರಿನಲ್ಲಿ ಲೆಕ್ಕ ಹಾಕಿದರು. ಬೀಜವನ್ನು ನೀರಿನ ಹನಿಯಂತೆ ಊಹಿಸಿ: ಯುರೇನಿಯಮಿನ ಹನಿ ಮೊದಲೇ ಅಲುಗಾಡುವಂಥದ್ದು, ನ್ಯೂಟ್ರಾನ್ ತಾಗಿದರೆ ಸೊಂಟ ಸಣ್ಣದಾಗಿ ಎರಡಾಗುತ್ತದೆ, ವಿದ್ಯುದಾವೇಶದ ವಿಕರ್ಷಣೆಯಿಂದ ತುಂಡುಗಳು ಚಿಮ್ಮುತ್ತವೆ. ಹಾಗೆ ಚಿಮ್ಮುವ ಶಕ್ತಿ ಸುಮಾರು 200 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್ (ಪರಮಾಣು ಮಟ್ಟದ ಶಕ್ತಿಯನ್ನು ಅಳೆಯುವ ಮಾನ). ಎರಡು ತುಂಡುಗಳು ಸೇರಿ ಮೂಲ ಬೀಜಕ್ಕಿಂತ ಪ್ರೋಟಾನಿನ ಐದನೇ ಒಂದು ಭಾಗದಷ್ಟು ಹಗುರವಾಗುತ್ತವೆಂದು ಮೈಟ್ನರ್ ಲೆಕ್ಕ ಮಾಡಿದರು. ಐನ್‌ಸ್ಟೈನ್‌ರ ಸೂತ್ರಕ್ಕೆ ಹಾಕಿದರೆ ಅದೇ 200! ಸೂತ್ರ ನೆರವಿಗೆ ಬಂದದ್ದು ಇಲ್ಲಿ, ಸಾಕ್ಷಿಯಾಗಿ. ಈ ಗಳಿಗೆಯನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಮುಂದಿನದು ಬೇಗ ನಡೆಯಿತು. ಭೌತವಿಜ್ಞಾನಿ ಲಿಯೊ ಸಿಲಾರ್ಡ್ ಸಿದ್ಧಪಡಿಸಿದ ಪತ್ರಕ್ಕೆ 1939ರ ಆಗಸ್ಟ್‌ನಲ್ಲಿ ಐನ್‌ಸ್ಟೈನ್ ಸಹಿ ಹಾಕಿದರು. ಇಂಥ ಬಾಂಬ್ ಸಾಧ್ಯವೆಂದು ಅಮೆರಿಕದ ಅಧ್ಯಕ್ಷರಿಗೆ ಕೊಟ್ಟ ಎಚ್ಚರಿಕೆ ಅದು; ಬಾಂಬ್ ತಯಾರಿಸಿದ ಯೋಜನೆಯಲ್ಲಿ ಐನ್‌ಸ್ಟೈನ್ ಇರಲಿಲ್ಲ. ಶಿಕಾಗೊದಲ್ಲಿ 1942ರ ಡಿಸೆಂಬರ್ 2ರಂದು ಭೌತವಿಜ್ಞಾನಿ ಎನ್ರಿಕೊ ಫರ್ಮಿಯವರ ತಂಡ ಸರಣಿ ಕ್ರಿಯೆಯನ್ನು, ಅಂದರೆ ಒಂದು ಬೀಜ ಒಡೆದಾಗ ಹೊರಬರುವ ನ್ಯೂಟ್ರಾನುಗಳು ಮತ್ತಷ್ಟು ಬೀಜಗಳನ್ನು ಒಡೆಯುತ್ತ ಹೋಗುವುದನ್ನು, ನಡೆಸಿತು. 1945ರ ಜುಲೈ 16ರಂದು ನ್ಯೂ ಮೆಕ್ಸಿಕೊದ ಮರುಭೂಮಿಯಲ್ಲಿ ಮೊದಲ ಬಾಂಬ್ ಸಿಡಿಯಿತು.

ಬಾಂಬ್ ತಯಾರಾಗುತ್ತಿದ್ದ ಲಾಸ್ ಅಲಾಮೋಸ್‌ಗೆ ಬರಲು ಮೈಟ್ನರ್‌ಗೂ ಕರೆ ಬಂದಿತ್ತು. ಬಾಂಬಿನ ಕೆಲಸ ನನಗೆ ಬೇಡವೆಂದರು. ವಿದಳನಕ್ಕೆ, ಅಂದರೆ ಬೀಜ ಒಡೆಯುವ ಈ ಕ್ರಿಯೆಯ ಶೋಧಕ್ಕೆ, ಸಂದ 1944ರ ರಸಾಯನಶಾಸ್ತ್ರ ನೊಬೆಲ್ ಹಾನ್ ಒಬ್ಬರಿಗೇ ಹೋಯಿತು. ಇದು ಘೋರ ಅನ್ಯಾಯವೆಂದು ನಾನು ಒತ್ತಿ ಹೇಳುತ್ತೇನೆ.

ಹುಡುಗನಿಗೆ ಏನು ಹೇಳಲಿ ಎಂದು ಕೇಳಿದ್ದೀರಿ. ಬೋರ್ಡಿನ ಮೇಲೆ 92 ಎಂದು ಬರೆದು ಅದರಿಂದ 56 ಕಳೆಯಲು ಹೇಳಿ. ಉಳಿಯುವ 36 ಯಾವ ಧಾತುವಿನದೆಂದು ಆವರ್ತ ಕೋಷ್ಟಕದಲ್ಲಿ ಅವನೇ ಹುಡುಕಲಿ.