ಹಾಯಿಹಡಗಿನಲ್ಲಿ ಸಾಗರ ವಿಜ್ಞಾನ: ಓದುಗರ ಪತ್ರಕ್ಕೆ ಸಂಪಾದಕರ ಉತ್ತರ

ಮಾನ್ಯರೇ,

ಸಾಗರ ಸಂಶೋಧನೆಯ ಕುರಿತು ನಾವು ಪ್ರಕಟಿಸಿದ ಲೇಖನವನ್ನು ಓದಿ ಕುಂದಾಪುರದಿಂದ ತಾವು ಬರೆದ ಪತ್ರ ತಲುಪಿದೆ. ಉಪಗ್ರಹಗಳೂ ಸಾವಿರಾರು ಟನ್ ತೂಕದ ಸಂಶೋಧನಾ ನೌಕೆಗಳೂ ಇರುವ ಈ ಕಾಲದಲ್ಲಿ ವಿಜ್ಞಾನಿಗಳು ಗಾಳಿಯನ್ನು ನಂಬಿ ಹಾಯಿಹಡಗಿನಲ್ಲಿ ಹೊರಡುವುದು ಪ್ರಚಾರಕ್ಕಲ್ಲದೆ ಮತ್ತೇತಕ್ಕೆ ಎಂದು ಕೇಳಿದ್ದೀರಿ. ನಮ್ಮ ಅರಬ್ಬೀ ಸಮುದ್ರದಲ್ಲಿ ಇದು ನಡೆದೀತೇ ಎಂದೂ ವಿಚಾರಿಸಿದ್ದೀರಿ.

ಉಪಗ್ರಹವು ಕಡಲ ಮೇಲ್ಮೈಯ ಉಷ್ಣತೆ, ಬಣ್ಣ, ಮಟ್ಟಗಳನ್ನು ಅಳೆಯಬಲ್ಲದು. ಆದರೆ ನೀರಿನಲ್ಲಿ ಎಷ್ಟು ಇಂಗಾಲದ ಡೈಆಕ್ಸೈಡ್ ಕರಗಿದೆ, ಯಾವ ಸೂಕ್ಷ್ಮಜೀವಿಗಳಿವೆ ಎಂದು ಖಚಿತವಾಗಿ ಹೇಳಬೇಕಾದರೆ ಉಪಕರಣ ನೀರನ್ನು ಮುಟ್ಟಲೇಬೇಕು. ಮನುಷ್ಯರು ಹೊರಸೂಸುವ ಇಂಗಾಲದ ಡೈಆಕ್ಸೈಡಿನಲ್ಲಿ ಸುಮಾರು ನಾಲ್ಕನೆಯ ಒಂದು ಭಾಗವನ್ನು ಸಾಗರಗಳೇ ಹೀರಿಕೊಳ್ಳುತ್ತಿರುವಾಗ, ಅಂಟಾರ್ಕ್ಟಿಕಾವನ್ನು ಸುತ್ತುವರಿದ ದಕ್ಷಿಣ ಸಾಗರದಂಥ ಕಡೆ ಅಳತೆಗಳು ವಿರಳವಾಗಿರುವುದು ಚಿಕ್ಕ ಕೊರತೆಯಲ್ಲ. ದೊಡ್ಡ ನೌಕೆಯ ದಿನದ ಖರ್ಚು ವಿಪರೀತ. ಸರಕುಹಡಗುಗಳು ತಮ್ಮ ವ್ಯಾಪಾರದ ದಾರಿ ಬಿಟ್ಟು ಅತ್ತ ಹೋಗುವುದಿಲ್ಲ. ಈ ಸ್ಥಳಗಳಲ್ಲಿಯೇ ಹಾಯಿಗೆ ನಿಜವಾದ ಕೆಲಸವಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಫ್ರಾನ್ಸಿನ ‘ತಾರಾ’ ನೌಕೆಯನ್ನೇ ನೋಡಿ. 36 ಮೀಟರ್ ಉದ್ದದ, ಎರಡು ಕೂವೆಗಳ ಈ ಅಲ್ಯೂಮಿನಿಯಂ ಹಡಗು 1989ರಲ್ಲಿ ಧ್ರುವಪ್ರದೇಶಗಳಿಗೆಂದೇ ಸಿದ್ಧವಾಯಿತು. ಸುತ್ತಲಿನ ನೀರು ಹೆಪ್ಪುಗಟ್ಟಿ ಒತ್ತಿದರೆ ಒಡೆಯದೆ ಮೇಲಕ್ಕೆ ಏಳುವಂತೆ ಇದರ ತಳವನ್ನು ದುಂಡಗೆ ಮಾಡಲಾಗಿದೆ. 2006ರಲ್ಲಿ ಸೈಬೀರಿಯಾದ ಉತ್ತರಕ್ಕೆ ಅದನ್ನು ಬೇಕೆಂದೇ ಹಿಮದಲ್ಲಿ ಸಿಲುಕಿಸಿ, ಹಿಮದೊಂದಿಗೆ ತೇಲಿಹೋಗಲು ಬಿಡಲಾಯಿತು. ನಾರ್ವೆಯ ಧ್ರುವಾನ್ವೇಷಕ ಫ್ರಿಟ್‌ಯೋಫ್ ನಾನ್ಸೆನ್ ಅವರ ‘ಫ್ರಾಮ್’ ಹಡಗು 1893ರಿಂದ 1896ರವರೆಗೆ ಸುಮಾರು ಮೂರು ವರ್ಷ ತೇಲಿದ ಆರ್ಕ್‌ಟಿಕ್ ಸಾಗರವನ್ನು ತಾರಾ 507 ದಿನಗಳಲ್ಲಿ ದಾಟಿ 2008ರ ಜನವರಿಯಲ್ಲಿ ಹೊರಬಂದಿತು. ಎರಡು ವರ್ಷ ಹಿಡಿಯಬಹುದೆಂಬ ಅಂದಾಜು ಸುಳ್ಳಾಯಿತು. ತೆಳುವಾದ ಹಿಮ ಎಷ್ಟು ಬೇಗ ಸರಿದುಹೋಗುತ್ತಿದೆ ಎಂಬುದಕ್ಕೆ ಹಡಗಿನ ಪಯಣವೇ ಒಂದು ಅಳತೆಯಾಯಿತು. ಮುಂದೆ 2009ರಿಂದ 2013ರವರೆಗೆ ಇದೇ ಹಡಗು ಪ್ರಪಂಚದ ಸಾಗರಗಳಿಂದ ಸುಮಾರು 35,000 ಮಾದರಿಗಳನ್ನು ತಂದಿತು. ಅವುಗಳ ಒಂದು ಭಾಗದಿಂದ ಗುರುತಿಸಿದ 4 ಕೋಟಿ ಜೀನ್‌ಗಳ ಪಟ್ಟಿ 2015ರಲ್ಲಿ ಪ್ರಕಟವಾದಾಗ, ಬಹುಪಾಲು ವಿಜ್ಞಾನಕ್ಕೆ ಹೊಸದಾಗಿತ್ತು. ಇದನ್ನು ಪ್ರಚಾರವೆಂದು ತಳ್ಳಿಹಾಕಲು ನನಗೆ ಮನಸ್ಸು ಒಪ್ಪುವುದಿಲ್ಲ.

ಹಡಗು ತಾನು ಅಳೆಯಹೊರಟದ್ದನ್ನು ತಾನೇ ಕೆಡಿಸಬಾರದು ಎಂಬ ವಿಚಾರವೂ ಇಲ್ಲಿದೆ. ಕಬ್ಬಿಣದ ಹಡಗಿನಲ್ಲಿ ಭೂಕಾಂತತ್ವದ ಅಳತೆ ತಪ್ಪುತ್ತದೆಂದು ಅಮೆರಿಕದವರು 1909ರಲ್ಲಿ ಮರ, ಕಂಚು, ತಾಮ್ರಗಳಿಂದ ‘ಕಾರ್ನೆಗಿ’ ಎಂಬ ಹಾಯಿಹಡಗನ್ನು ಕಟ್ಟಿದರು. ಅದರ ಲಂಗರು ಕೂಡ ಕಂಚಿನದು. ವಾತಾವರಣದ ವಿದ್ಯುತ್ತು ದಿನದ ಗಂಟೆಗಳೊಂದಿಗೆ ಏರಿಳಿಯುವ ಬಗೆಯನ್ನು ತೋರಿಸುವ ವಕ್ರರೇಖೆಗೆ ಇಂದಿಗೂ ಅದರದೇ ಹೆಸರಿದೆ. 1929ರಲ್ಲಿ ಸಮೋವಾದ ಆಪಿಯಾ ಬಂದರಿನಲ್ಲಿ ಪೆಟ್ರೋಲ್ ತುಂಬಿಸುವಾಗ ಸ್ಫೋಟವಾಗಿ ಆ ಹಡಗೂ ಅದರ ಕಪ್ತಾನರೂ ಇಲ್ಲವಾದರು.

ಪಂದ್ಯದ ದೋಣಿಗಳೂ ಈಗ ಈ ಕೆಲಸಕ್ಕೆ ಬಂದಿವೆ. ಜರ್ಮನಿಯ ಬೋರಿಸ್ ಹರ್ಮನ್ 2020–21ರ ‘ವಾಂಡೇ ಗ್ಲೋಬ್’ ಪಂದ್ಯದಲ್ಲಿ ಒಬ್ಬಂಟಿಯಾಗಿ, ಎಲ್ಲಿಯೂ ನಿಲ್ಲದೆ ಭೂಮಿಯನ್ನು ಸುತ್ತುತ್ತಿದ್ದಾಗ, ಅವರ ದೋಣಿಯಲ್ಲಿದ್ದ ಉಪಕರಣ ದಕ್ಷಿಣ ಸಾಗರದ ನೀರನ್ನು ಸೆಳೆದು ಇಂಗಾಲದ ಡೈಆಕ್ಸೈಡನ್ನು ಅಳೆಯುತ್ತಿತ್ತು. ಅಮೆರಿಕದಲ್ಲಿ ವಿದ್ಯಾರ್ಥಿಗಳನ್ನು ಕರೆದೊಯ್ಯುವ ಹಾಯಿಹಡಗುಗಳು ಅಟ್ಲಾಂಟಿಕ್ ಹಾಗೂ ಕೆರಿಬಿಯನ್ ಸಮುದ್ರಗಳಲ್ಲಿ 1986ರಿಂದ 2008ರವರೆಗೆ ಆರು ಸಾವಿರಕ್ಕೂ ಹೆಚ್ಚು ಬಾರಿ ಸಣ್ಣ ಕಣ್ಣಿನ ಬಲೆ ಎಳೆದು, ತೇಲುವ ಪ್ಲಾಸ್ಟಿಕ್ಕಿನ ಇಪ್ಪತ್ತೆರಡು ವರ್ಷಗಳ ದಾಖಲೆಯನ್ನು ಕೊಟ್ಟವು. ಅಂಥ ಬಲೆಯನ್ನು ಎಳೆಯಲು ನಿಧಾನವಾಗಿ ಸಾಗುವ ಹಡಗೇ ಬೇಕು.

ಮಿತಿಗಳೂ ಇವೆ. ತಾರಾದಲ್ಲಿ ಡೀಸೆಲ್ ಎಂಜಿನ್ನುಗಳಿವೆ, ಗಾಳಿ ಬಿದ್ದಾಗಲೂ ಹಿಮದ ನಡುವೆಯೂ ಅವು ಬೇಕೇ ಬೇಕು. ಕಡಲತಳದ ಕೆಸರನ್ನು ಸಾವಿರಾರು ಮೀಟರ್ ಆಳದಿಂದ ಎತ್ತುವ ಭಾರದ ಯಂತ್ರಗಳಿಗೆ ದೊಡ್ಡ ನೌಕೆಯೇ ಗತಿ.

ಇನ್ನು ಅರಬ್ಬೀ ಸಮುದ್ರದ ಮಾತು. ಗೋವಾದಲ್ಲಿ ಕಟ್ಟಿದ ನೌಕಾಪಡೆಯ 56 ಅಡಿಯ ‘ತಾರಿಣಿ’ಯಲ್ಲಿ ಆರು ಮಹಿಳಾ ಅಧಿಕಾರಿಗಳು 2017–18ರಲ್ಲಿ ಭೂಪ್ರದಕ್ಷಿಣೆ ಮಾಡಿದಾಗ, ಹವಾಮಾನ ಇಲಾಖೆಗಾಗಿ ಗಾಳಿ ಮತ್ತು ಅಲೆಗಳ ಮಾಹಿತಿ ಸಂಗ್ರಹಿಸುವುದೂ ಯಾನದ ಉದ್ದೇಶಗಳಲ್ಲೊಂದಾಗಿತ್ತು. ಅಂಥ ದೋಣಿಯಲ್ಲಿ ಇಂಗಾಲದ ಡೈಆಕ್ಸೈಡ್ ಮಾಪಕವನ್ನು ಇರಿಸಿ ಅಕ್ಟೋಬರಿನಿಂದ ಮೇವರೆಗೆ ಲಕ್ಷದ್ವೀಪದವರೆಗೂ ಓಡಾಡಿಸಬಹುದು, ಓಡಾಡಿಸಬೇಕು ಎಂದೇ ನಾನು ಹೇಳುತ್ತೇನೆ. ಆದರೆ ನಮ್ಮ ಕರಾವಳಿಯಲ್ಲಿ ಆಳದ ತಣ್ಣನೆಯ, ಆಮ್ಲಜನಕ ಕಡಿಮೆಯಿರುವ ನೀರು ಮೇಲೇರುವುದು ನೈಋತ್ಯ ಮುಂಗಾರಿನಲ್ಲಿ, ಅಂದರೆ ಜೂನ್–ಜುಲೈ ನಿಷೇಧದಿಂದಾಗಿ ತಮ್ಮೂರಿನ ಯಾಂತ್ರಿಕ ದೋಣಿಗಳೂ ದಡ ಸೇರಿರುವ ಕಾಲದಲ್ಲಿ. ಆ ತಿಂಗಳುಗಳಿಗೆ ಹಾಯಿದೋಣಿಯನ್ನು ಸೂಚಿಸಲಾರೆ; ಲಂಗರು ಹಾಕಿದ ತೇಲುಗಗಳು, ತಾವಾಗಿ ಮುಳುಗಿ ಏಳುವ ಆರ್ಗೋ ಯಂತ್ರಗಳು ಮತ್ತು ದೊಡ್ಡ ನೌಕೆಗಳೇ ಆಗ ಅಳತೆ ಮಾಡಬೇಕು.

— ಸಂಪಾದಕ